ಪಾರಿಜಾತದ ಒಡೆಯರಾರು?

ಶ್ರೀಕೃಷ್ಣ ಪಾರಿಜಾತವು ಒಂದು ಹೂವಿನ ಸಲುವಾಗಿ ಹುಟ್ಟಿದ ಜಗಳದ ಕಥೆ. ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿದಳು. ಈಗ ಆ ಆಟದ ಒಡೆತನವೇ ಜಗಳಕ್ಕೆ ಬಿದ್ದಿದೆಯೆಂದರೆ ವಾಚಕರು ನಗಬಹುದು. ನಮ್ಮ ಹತ್ತರಗಿಯ ಕಡೆಯ ಒಂದು ಮೇಳಕ್ಕೆ ಮಾತ್ರ ಇದು ನಗೆಯ ಮಾತಾಗಿ ಉಳಿದಿಲ್ಲ.

ಹಿಂದಿನ ವರ್ಷದ ಜಾತ್ರೆಯಲ್ಲಿ ಅವರು ಬೆಳತನಕ ಆಡಿದ ಆಟವನ್ನು ನನ್ನ ವಿದ್ಯಾರ್ಥಿಯೊಬ್ಬನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದನು. ಹಾರ್ಮೋನಿಯಂ, ತಬಲಾ, ತಾಳ ಎಲ್ಲವೂ ಮೇಳದವರವೇ, ಕಂಠವೂ ಅವರದೇ. ಎರಡು ದಿನ ಕಳೆಯುವಷ್ಟರಲ್ಲಿ, ಅದರೊಳಗಿನ ಒಂದು ಪದವು ತನ್ನ ಸ್ವತ್ತೆಂದು ಧ್ವನಿಮುದ್ರಣ ಸಂಸ್ಥೆಯೊಂದರ ಕಾಪಿರೈಟ್ ಕ್ಲೇಮು ಬಂದಿತು. ಆ ವಿಡಿಯೋದಿಂದ ಬರುವ ಜಾಹೀರಾತಿನ ಹಣವೇನಿದ್ದರೂ ಇನ್ನು ಆ ಸಂಸ್ಥೆಗೆ. ಮೇಳದ ಹಿರಿಯ ಭಾಗವತರು ನನ್ನನ್ನು ಕೇಳಿದರು: “ಈ ಪದಾ ನಮ್ಮ ಮುತ್ಯಾ ಹಾಡತಿದ್ದರೀ, ಸರ. ನಾವು ಯಾರ ಮನೀದು ಕದ್ದೇವ್ರೀ?”

ಇದಕ್ಕೆ ಉತ್ತರ ಹೇಳುವದು ವಕೀಲರ ಕೆಲಸವೆಂದು ಸಾಹಿತ್ಯದ ಅಧ್ಯಾಪಕನು ಜಾರಿಕೊಳ್ಳುವಂತಿಲ್ಲ. ಪಾರಿಜಾತದ ಕರ್ತೃವೆಂದು ಅಪರಾಳ ತಮ್ಮಣ್ಣನ ಹೆಸರನ್ನು ಹೇಳುತ್ತೇವೆ. ಅದನ್ನು ಆಟವಾಗಿ ಬೆಳೆಸಿದ ಕೀರ್ತಿ ಮೂಡಲಗಿಯ ಹತ್ತಿರದ ಕುಲಗೋಡದ ತಮ್ಮಣ್ಣನದು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದಕ್ಕೆ ತಮ್ಮ ಕಂಠವನ್ನಿತ್ತರು. ಒಂದೊಂದು ಮೇಳವೂ ಒಂದೊಂದು ಮಾತನ್ನು ಕೂಡಿಸಿತು, ಕಳೆಯಿತು. ಹೀಗೆ ಬೆಳೆದ ಕೃತಿಗೆ ಒಬ್ಬನೇ ಒಡೆಯನೆಂಬುದು ಅಸಂಗತವಾದ ಮಾತು. ಕರ್ತೃವು ತೀರಿಕೊಂಡ ಮರುವರ್ಷದಿಂದ 60 ವರ್ಷಗಳಿಗೆ ಕೃತಿಸ್ವಾಮ್ಯ ಮುಗಿಯುವದೆಂದು ನಮ್ಮ ಕಾಯಿದೆಯೇ ಹೇಳುತ್ತದೆ. ಪದವನ್ನು ಮುದ್ರಿಸಿದ ಸಂಸ್ಥೆಗೆ ಹಕ್ಕಿಲ್ಲವೆಂದಲ್ಲ. ಅದರ ಹಕ್ಕು ಆ ಮುದ್ರಣದ ಮೇಲೆ ಮಾತ್ರ. ವಿಕ್ರಮಾರ್ಜುನ ವಿಜಯವನ್ನು ಶೋಧಿಸಿ ಅಚ್ಚು ಹಾಕಿಸಿದ ಸಂಪಾದಕನು ಪಂಪನಿಗೆ ಒಡೆಯನಾಗುವನೆ?

ಈ ವಿವೇಕವನ್ನು ನಾವು ಯಂತ್ರದಿಂದ ನಿರೀಕ್ಷಿಸಲಾರೆವು. 2007ರಲ್ಲಿ ಯೂಟ್ಯೂಬು ಆರಂಭಿಸಿದ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆಯು, ಸಂಸ್ಥೆಗಳು ಮೊದಲೇ ಒಪ್ಪಿಸಿದ ಧ್ವನಿಯೊಡನೆ ಹೊಸ ವಿಡಿಯೋವನ್ನು ಹೋಲಿಸುತ್ತದೆ. ಅದು ಹೋಲಿಕೆಯನ್ನು ಬಲ್ಲದು, ಒಡೆತನವನ್ನು ಅರಿಯದು. ಯಂತ್ರದ ತಪ್ಪನ್ನು ಕ್ಷಮಿಸಬಹುದು. ಆದರೆ ಮುಂದಿನ ವಿಧಾನವನ್ನು ನೋಡಿರಿ. ನಾವು ತಕರಾರು ಹೂಡಿದರೆ ಅದನ್ನು ವಿಚಾರಿಸುವವರು ಯಾರು? ಕ್ಲೇಮು ಮಾಡಿದ ಸಂಸ್ಥೆಯೇ! ಅದಕ್ಕೆ 30 ದಿನಗಳ ಅವಕಾಶ. ತಕರಾರನ್ನು ಅದು ತಳ್ಳಿಹಾಕಿ, ನಾವು ಹಟ ಹಿಡಿದು ಮುಂದುವರಿದರೆ ‘ಸ್ಟ್ರೈಕು’ ಬೀಳುವ ಭಯ. 90 ದಿನಗಳಲ್ಲಿ ಮೂರು ಸ್ಟ್ರೈಕು ಬಿದ್ದರೆ ಚಾನೆಲ್ಲೇ ಹೋಗಬಹುದು. ವಾದಿಯೇ ಪಂಚನಾಗಿ ಕುಳಿತ ಪಂಚಾಯತಿಯಿದು.

ಕಾಯಿದೆ ಇಲ್ಲವೆಂದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 60ನೆಯ ಕಲಮಿನ ಪ್ರಕಾರ, ಆಧಾರವಿಲ್ಲದೆ ಕಾನೂನಿನ ಬೆದರಿಕೆ ಹಾಕಿದವನ ಮೇಲೆ ದಾವೆ ಹೂಡಿ ನಷ್ಟ ಕೇಳಬಹುದು. ಅಮೇರಿಕೆಯ 1998ರ ಕಾಯಿದೆಯಲ್ಲಿಯೂ, ತಿಳಿದು ತಿಳಿದು ಸುಳ್ಳು ದೂರಿತ್ತವನು ನಷ್ಟಕ್ಕೆ ಹೊಣೆ. 2019ರಲ್ಲಿ ಸುಳ್ಳು ದೂರುಗಳಿಂದ ಹಣ ಕೀಳಲು ಹೊರಟ ಕ್ರಿಸ್ಟೋಫರ್ ಬ್ರೇಡಿ ಎಂಬವನ ಮೇಲೆ ಯೂಟ್ಯೂಬು ತಾನೇ ದಾವೆ ಹೂಡಿತು. ಅವನು 25,000 ಡಾಲರು ಕೊಡಲೊಪ್ಪಿ ಕ್ಷಮೆ ಬೇಡಿದನು. ನಮ್ಮಲ್ಲಿ 2022ರ ನವೆಂಬರಿನಲ್ಲಿ, ಕೆ.ಜಿ.ಎಫ್. ಎರಡನೆಯ ಭಾಗದ ಸಂಗೀತವನ್ನು ಬಳಸಿದ್ದಕ್ಕಾಗಿ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಯುವಂತೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಆಜ್ಞಾಪಿಸಿತ್ತು. ಅಲ್ಲಿ ದೂರು ಸುಳ್ಳಾಗಿರಲಿಲ್ಲ, ಶಿಕ್ಷೆ ಮಿತಿಮೀರಿತ್ತು. ಕೆಲವೇ ದಿನಗಳಲ್ಲಿ ಹೈಕೋರ್ಟು, ಆ ತುಣುಕನ್ನು ತೆಗೆದುಹಾಕುವ ಷರತ್ತಿನ ಮೇಲೆ ಆಜ್ಞೆಯನ್ನು ರದ್ದುಗೊಳಿಸಿತು. ದೊಡ್ಡವರಿಗೆ ಹೈಕೋರ್ಟು ಹತ್ತಿರ. ಜಾತ್ರೆಯಿಂದ ಜಾತ್ರೆಗೆ ಹೊಟ್ಟೆ ಹೊರೆಯುವ ಮೇಳವು 60ನೆಯ ಕಲಮನ್ನು ಹಿಡಿದುಕೊಂಡು ಯಾವ ವಕೀಲರ ಬಾಗಿಲಿಗೆ ಹೋಗಬೇಕು?

ಹಾಡು ಕದಿಯುವವರು ಇಲ್ಲವೆಂದು ನಾನು ಹೇಳಲಾರೆ. ಶ್ರಮಪಟ್ಟು ಮಾಡಿದವನಿಗೆ ರಕ್ಷಣೆ ಇರಲೇಬೇಕು. ಆದರೆ ಹಕ್ಕು ಹೇಳುವವನು ಹೊಣೆಯನ್ನೂ ಹೊರಬೇಕು. ತನ್ನದು ಯಾವ ಮುದ್ರಣ, ಯಾರು ಹಾಡಿದ್ದು, ಯಾವ ವರ್ಷದ್ದು ಎಂಬುದನ್ನು ಅವನು ಮೊದಲೇ ಬರೆದು ಕೊಡಲಿ. ತಕರಾರನ್ನು ಮೂರನೆಯವರು ವಿಚಾರಿಸಲಿ. ಸುಳ್ಳೆಂದು ತೀರಿದರೆ ಪಡೆದ ಹಣವನ್ನು ಮರಳಿಸಿ, ಅದರ ಮೇಲೆ ದಂಡವನ್ನೂ ತೆರಲಿ. ಪದೇ ಪದೇ ದುರುಪಯೋಗ ಮಾಡಿದವರಿಂದ ಈ ಸೌಕರ್ಯವನ್ನು ಕಿತ್ತುಕೊಳ್ಳುವ ನಿಯಮ ಯೂಟ್ಯೂಬಿನಲ್ಲಿ ಉಂಟು. ಆದರೆ ಹಾಡಿದವನ ನಷ್ಟ ಅದರಿಂದ ತುಂಬುವದಿಲ್ಲ.

ಹಣದ ನಷ್ಟಕ್ಕಿಂತ ದೊಡ್ಡದೊಂದನ್ನು ನಾನು ಈ ವರ್ಷದ ಜಾತ್ರೆಯಲ್ಲಿ ಕಂಡೆ. ವಿದ್ಯಾರ್ಥಿಯು ಹೆದರಿ ಆ ವಿಡಿಯೋವನ್ನು ಮೊದಲೇ ತೆಗೆದುಹಾಕಿದ್ದನು. ಆಟ ಆ ಪದದ ಹತ್ತಿರ ಬಂದಾಗ ಜನರ ಕೈಯಲ್ಲಿ ಹತ್ತಾರು ಮೊಬೈಲುಗಳು ಎದ್ದವು. ಭಾಗವತರು ಒಮ್ಮೆ ಅತ್ತ ನೋಡಿ, ಆ ಪದವನ್ನು ಬಿಟ್ಟು ಮುಂದಿನ ಸಂದರ್ಭಕ್ಕೆ ಹೋದರು. ಮುತ್ಯಾ ಹಾಡುತ್ತಿದ್ದ ಪದ ಮೊಮ್ಮಗನ ಬಾಯಲ್ಲಿಯೇ ನಿಂತುಹೋಯಿತು. ಇದಕ್ಕೆ ಉತ್ತರ ಹೇಳಬೇಕಾದವರು ಯಾರು?