ಹಗ್ಗ ಬಿಟ್ಟು ಜಿಗಿದವನು

ಕ್ರಿಸ್ಟೋಫರ್ ನೋಲನ್ ಅವರ ಬ್ಯಾಟ್‌ಮನ್ ತ್ರಿವಳಿಯ ಮಾತು ಬಂದಾಗಲೆಲ್ಲ ಚರ್ಚೆ 2008ರ ‘ದ ಡಾರ್ಕ್ ನೈಟ್’ ಬಳಿಗೇ ಹೋಗಿ ನಿಲ್ಲುತ್ತದೆ. ಹೀತ್ ಲೆಡ್ಜರ್ ಅವರ ಜೋಕರ್, ಅವರು ತೀರಿಕೊಂಡ ಮೇಲೆ ಬಂದ ಆಸ್ಕರ್, ಎಲ್ಲವೂ ಓದುಗರಿಗೆ ಗೊತ್ತಿರುವುದೇ. ನನ್ನ ತಕರಾರು ಆ ಚಿತ್ರದ ಮೇಲಲ್ಲ, ಅದರ ನೆರಳಲ್ಲಿ ಮುಂದಿನದನ್ನು ನೋಡುವ ಅಭ್ಯಾಸದ ಮೇಲೆ. 2012ರ ಜುಲೈನಲ್ಲಿ ಬಂದ ‘ದ ಡಾರ್ಕ್ ನೈಟ್ ರೈಸಸ್’ ನೂರು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಆಸ್ಕರ್‌ಗೆ ಒಂದೇ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಅಭಿಮಾನಿಗಳ ನಡುವೆಯೂ ಅದು ಕೊನೆಯಲ್ಲಿ ಎಡವಿದ ಚಿತ್ರ ಎನಿಸಿಕೊಂಡಿತು. ನಾನೂ ಅಭಿಮಾನಿಯೇ. ತ್ರಿವಳಿಗೆ ಒಂದು ಆಕಾರ ಬಂದದ್ದೇ ಈ ಮೂರನೆಯ ಚಿತ್ರದಿಂದ ಎಂದು ನಂಬಿದವನು.

ಆ ನಂಬಿಕೆಗೆ ಆಧಾರ ಬಾವಿಯಂಥ ಜೈಲಿನ ಪ್ರಸಂಗ. ಖಳನಾಯಕ ಬೇನ್ ಕೈಯಲ್ಲಿ ಬೆನ್ನು ಮುರಿಸಿಕೊಂಡ ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮನ್, ಅದರ ತಳದಲ್ಲಿ ಬಿದ್ದಿದ್ದಾನೆ. ಮೇಲೆ ದುಂಡಗೆ ಆಕಾಶ ಕಾಣುತ್ತದೆ, ಹತ್ತಲು ಕಲ್ಲಿನ ಗೋಡೆಯಿದೆ, ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗವಿದೆ. ಎರಡು ಸಲ ಹತ್ತುತ್ತಾನೆ, ಎರಡು ಸಲವೂ ಬೀಳುತ್ತಾನೆ, ಹಗ್ಗ ಹಿಡಿದುಕೊಳ್ಳುತ್ತದೆ. ಆಗ ಕುರುಡ ಮುದುಕನೊಬ್ಬ ಅವನಿಗೆ ವಿಚಿತ್ರವಾದ ರೋಗನಿದಾನ ಹೇಳುತ್ತಾನೆ: ನಿನಗೆ ಸಾವಿನ ಭಯವಿಲ್ಲ, ಅದನ್ನೇ ಶಕ್ತಿ ಎಂದುಕೊಂಡಿದ್ದೀಯ, ಸೋಲುತ್ತಿರುವುದು ಅದರಿಂದಲೇ. ಹಿಂದೆ ಒಂದು ಮಗು ಹತ್ತಿದಂತೆ, ಹಗ್ಗವಿಲ್ಲದೆ ಹತ್ತು.

ಈ ಮಾತಿನ ತೂಕ ತಿಳಿಯಬೇಕಾದರೆ 2005ರ ‘ಬ್ಯಾಟ್‌ಮನ್ ಬಿಗಿನ್ಸ್’ ನೆನಪಿರಬೇಕು. ಅಲ್ಲಿ ಹುಡುಗ ಬ್ರೂಸ್ ಹಾಳುಬಾವಿಗೆ ಬೀಳುತ್ತಾನೆ, ಬಾವಲಿಗಳು ಮುತ್ತುತ್ತವೆ, ಹಗ್ಗದಲ್ಲಿ ಇಳಿದುಬಂದ ಅಪ್ಪ ಮೇಲೆತ್ತುತ್ತಾನೆ. ಆ ಚಿತ್ರವಿಡೀ ಭಯದ ಪಾಠ: ಭಯವನ್ನು ಗೆಲ್ಲುವುದು, ನಂತರ ಅದನ್ನೇ ವೈರಿಯ ಮೇಲೆ ಪ್ರಯೋಗಿಸುವುದು. ಸೂಪರ್‌ಹೀರೋ ಕಥೆಗಳು ಸಾಮಾನ್ಯವಾಗಿ ಅಲ್ಲಿಗೇ ತೃಪ್ತಿಪಡುತ್ತವೆ. ನೋಲನ್ ಏಳು ವರ್ಷಗಳ ನಂತರ ಅದೇ ಪಾಠವನ್ನು ತಿರುವಿಹಾಕುತ್ತಾರೆ. ಭಯವನ್ನು ಗೆದ್ದವನು ಬದುಕಿನ ಆಸೆಯನ್ನೂ ಕಳೆದುಕೊಂಡಿದ್ದಾನೆ. ಈ ಸಲದ ಬಾವಿಯಲ್ಲಿ ಅಪ್ಪನಿಲ್ಲ. ಹಗ್ಗ ಬಿಚ್ಚಿಟ್ಟು ಮೂರನೆಯ ಸಲ ಹತ್ತಿದಾಗ, ಜಿಗಿಯಬೇಕಾದ ಅಂಚಿನಲ್ಲೇ ಗೋಡೆಯ ಬಿರುಕಿನಿಂದ ಬಾವಲಿಗಳು ಹಾರಿಬರುತ್ತವೆ. ಬಾಲ್ಯದ ಭಯ ಮರಳಿ ಬಂದಿದೆ, ಆ ಭಯದಲ್ಲೇ ಅವನು ಜಿಗಿಯುತ್ತಾನೆ.

ಇಲ್ಲಿಂದ ಹಿಂದಕ್ಕೆ ಹೋಗಿ ನೋಡಿ. ಬೇನ್ ಜೊತೆಗಿನ ಮೊದಲ ಹೊಡೆದಾಟದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ನೀರು ಸುರಿಯುವ ಸದ್ದು, ಏಟಿನ ಸದ್ದು, ಅಷ್ಟೆ. ಹ್ಯಾನ್ಸ್ ಜಿಮ್ಮರ್ ಅವರಂಥ ಸಂಗೀತಗಾರನನ್ನು ಇಟ್ಟುಕೊಂಡು ಅಲ್ಲಿ ಸುಮ್ಮನಿರಿಸಿದ್ದು ದೊಡ್ಡ ನಿರ್ಧಾರ. ನಾಯಕನ ಏಟಿಗೆ ತಾಳ ಕೊಡುವವರಿಲ್ಲ, ಅವನು ಸಾಯಲು ತಯಾರಾಗಿ ಬಂದ ಸಾಮಾನ್ಯ ಮನುಷ್ಯ. ಅವನು ಸೋಲಬಹುದು ಎಂಬುದಕ್ಕಿಂತ ಸೋಲಲೆಂದೇ ಹೋಗುತ್ತಿದ್ದಾನೆ ಎಂಬುದು ತನ್ನ ಭಯ ಎಂದು ಮನೆಯ ಬಟ್ಲರ್ ಆಲ್ಫ್ರೆಡ್ ಮೊದಲೇ ಹೇಳಿರುತ್ತಾನೆ. ಜೈಲಿನಲ್ಲಾದರೋ ಕೈದಿಗಳ ಘೋಷಣೆಯೇ ಸಂಗೀತವಾಗಿ ಏರುತ್ತದೆ.

ಕಡೆಯಲ್ಲಿ, ಬ್ರೂಸ್ ನಂಬಿದ್ದ ಟಾಲಿಯಾಳ ಗುಟ್ಟು ಬಯಲಾಗುವ ತಿರುವನ್ನು ಅನೇಕರು ಬಲವಂತದ್ದು ಎಂದಿದ್ದಾರೆ. ನನಗೆ ಅದು ಜೈಲಿನ ಪ್ರಸಂಗದ ಉಳಿದರ್ಧ. ಹತ್ತಿ ಪಾರಾದ ಮಗು ಬೇನ್ ಎಂದು ಬ್ರೂಸ್ ನಂಬಿದ್ದ, ನಾವೂ ನಂಬಿದ್ದೆವು. ಪಾರಾದವಳು ಟಾಲಿಯಾ, ಬೇನ್ ಹಿಂದೆ ಉಳಿದವನು. ಅಂದರೆ ಬ್ರೂಸ್‌ನ ಬೆನ್ನು ಮುರಿದವನು ಆ ಗೋಡೆಯನ್ನು ಎಂದೂ ಹತ್ತಿ ದಾಟಿದವನಲ್ಲ. ಇಬ್ಬರ ಎರಡನೆಯ ಕಾಳಗದ ಫಲಿತಾಂಶ ಅಲ್ಲೇ ತೀರ್ಮಾನವಾಗಿದೆ.

ಇನ್ನು ‘ಲಾಜಿಕ್’ ಹುಡುಕುವವರು. ಮುರಿದ ಬೆನ್ನು ಒಂದು ಗುದ್ದಿಗೆ ಸರಿಹೋಗುತ್ತದೆಯೇ, ಕಾಸಿಲ್ಲದವನು ತನ್ನ ನಗರವಾದ ಗಾಥಮ್‌ಗೆ ಮರಳಿದ್ದು ಹೇಗೆ ಎಂದು ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಕೇಳುತ್ತಲೇ ಇದ್ದಾರೆ. ಬೇನ್ ಬೆನ್ನು ಮುರಿಯುವ ಕಥೆ ಬಂದದ್ದು 1993ರ ‘ನೈಟ್‌ಫಾಲ್’ ಕಾಮಿಕ್ಸ್‌ನಿಂದ. ಅಲ್ಲಿ ಬ್ರೂಸ್‌ನನ್ನು ಗುಣಪಡಿಸುವುದು ಒಬ್ಬ ವೈದ್ಯೆಯ ಅಲೌಕಿಕ ಶಕ್ತಿ. ಮೂಲದ ನಿಷ್ಠೆಯ ಬಗ್ಗೆ ಮಾತಾಡುವವರೇ ಇದನ್ನು ಮರೆಯುತ್ತಾರೆ. ನೋಲನ್ ಪವಾಡ ತೆಗೆದು ನೋವು ಇಟ್ಟರು. ವೈದ್ಯಶಾಸ್ತ್ರದ ಪ್ರಕಾರ ಅದೂ ನಿಲ್ಲುವುದಿಲ್ಲ, ಸರಿ. ಆದರೆ ಯಾವ ಸುಳ್ಳು ಕಥೆಯ ಅರ್ಥವನ್ನು ಬೆಳೆಸುತ್ತದೆ ಎಂದು ಕೇಳಬೇಕಾದದ್ದು ವಿಮರ್ಶಕನ ಕೆಲಸ.

ರಾಜಕೀಯದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ ಈ ಚಿತ್ರವನ್ನು ಆಕ್ಯುಪೈ ಚಳವಳಿಯ ವಿರೋಧಿ ಎಂದು ಓದಿದರು. ವಾಲ್ ಸ್ಟ್ರೀಟ್‌ನಲ್ಲಿ ಆ ಚಳವಳಿ ಶುರುವಾದದ್ದು 2011ರ ಸೆಪ್ಟೆಂಬರ್‌ನಲ್ಲಿ. ನೋಲನ್ ತಂಡ ಮೇ ತಿಂಗಳಲ್ಲೇ ಜೋಧಪುರದಲ್ಲಿ ಚಿತ್ರೀಕರಣ ಆರಂಭಿಸಿತ್ತು. ಬ್ರೂಸ್ ಮೇಲೆ ಬಂದು ನಿಂತಾಗ ದೂರದಲ್ಲಿ ಕಾಣುವುದು ನಮ್ಮ ಮೆಹ್ರಾನ್‌ಗಢ ಕೋಟೆ. ಚಿತ್ರಕತೆಯ ಬೇರು ಇನ್ನೂ ಹಳೆಯದು, ಫ್ರೆಂಚ್ ಕ್ರಾಂತಿಯ ಬಗೆಗಿನ ಡಿಕನ್ಸ್ ಕಾದಂಬರಿಯಲ್ಲಿದೆ. ಬೇನ್ ಜನರಿಗೆ ನಗರ ಒಪ್ಪಿಸುತ್ತೇನೆ ಎನ್ನುವಾಗಲೇ ಆ ನಗರವನ್ನು ಸುಡಲು ಬಾಂಬ್ ಇಟ್ಟಿದ್ದಾನೆ. ಇದು ಕ್ರಾಂತಿಯ ಚಿತ್ರವೇ ಅಲ್ಲ, ಕ್ರಾಂತಿಯ ಮಾತನ್ನು ಬಾಡಿಗೆಗೆ ಪಡೆದ ವಂಚಕನ ಚಿತ್ರ.

ಎರಡು ದೋಷಗಳನ್ನು ಮಾತ್ರ ಒಪ್ಪಲೇಬೇಕು. ಗಾಥಮ್‌ನ ಸಾಮಾನ್ಯ ಜನ ಎಲ್ಲಿ? ಪೊಲೀಸರು ಕಾಣುತ್ತಾರೆ, ಬಂಡುಕೋರರು ಕಾಣುತ್ತಾರೆ, ಬೇನ್ ನಗರವನ್ನು ಹಿಡಿದಿಟ್ಟುಕೊಂಡ ತಿಂಗಳುಗಳನ್ನು ಬದುಕಿದ ಒಂದು ಮನೆಯೂ ಕಾಣುವುದಿಲ್ಲ. ಬೇನ್‌ನ ಸಾವೂ ಅವಸರದ್ದು. ಇವು ಚಿತ್ರವನ್ನು ಕುಂದಿಸುತ್ತವೆ, ಕೆಡಿಸುವುದಿಲ್ಲ.

ಬ್ರೂಸ್ ಜೀವಂತವಾಗಿ ಕಾಣುವ ಫ್ಲಾರೆನ್ಸ್‌ನ ಕಡೆಯ ದೃಶ್ಯ ಆಲ್ಫ್ರೆಡ್‌ನ ಕನಸು ಎನ್ನುವವರೊಂದಿಗೂ ನನ್ನ ಜಗಳವಿದೆ. ಬಾಂಬ್ ಒಯ್ದ ವಿಮಾನದ ಆಟೋಪೈಲಟ್ ಅನ್ನು ಬ್ರೂಸ್ ಮೊದಲೇ ಸರಿಮಾಡಿಟ್ಟಿದ್ದ ಸಂಗತಿ ಅವನ ತಂತ್ರಜ್ಞ ಫಾಕ್ಸ್‌ಗೆ ತಿಳಿಯುತ್ತದೆ. ಮನೆಯ ಆಸ್ತಿಪಟ್ಟಿಯಲ್ಲಿ ಮುತ್ತಿನ ಸರ ಕಾಣೆಯಾಗಿದೆ, ಕಡೆಯ ದೃಶ್ಯದಲ್ಲಿ ಅವನ ಜೊತೆಗಿರುವ ಸೆಲೀನಾಳ ಕೊರಳಲ್ಲಿ ಅದು ಇದೆ. ಬದುಕಿರುವುದನ್ನು ಚಿತ್ರವೇ ಸಾಬೀತುಮಾಡಿ ತೋರಿಸಿದೆ. ಸಾವಿಗೆ ಹೆದರಲು ಮತ್ತೆ ಕಲಿತವನು ಸತ್ತರೆ ಬಾವಿಯ ಪ್ರಸಂಗವೇ ವ್ಯರ್ಥ.

ಮೇಲೆ ಬಂದ ತಕ್ಷಣ ಬ್ರೂಸ್ ಮಾಡುವ ಮೊದಲ ಕೆಲಸವನ್ನು ಯಾವ ವಿಮರ್ಶೆಯೂ ಸರಿಯಾಗಿ ಗಮನಿಸಿದ್ದನ್ನು ನಾನು ಓದಿಲ್ಲ: ಉಳಿದ ಕೈದಿಗಳಿಗಾಗಿ ಹಗ್ಗವನ್ನು ಕೆಳಕ್ಕೆ ಎಸೆಯುತ್ತಾನೆ. ಅಪ್ಪ ತನಗೆ ಮಾಡಿದ್ದನ್ನು ಅಪರಿಚಿತರಿಗೆ ಮಾಡುತ್ತಾನೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಚಿತ್ರವನ್ನು ಮತ್ತೆ ನೋಡುವುದಾದರೆ ಜೋಕರ್‌ನನ್ನು ಒಂದು ದಿನ ಬದಿಗಿಡಿ, ‘ಬ್ಯಾಟ್‌ಮನ್ ಬಿಗಿನ್ಸ್’ ಮುಗಿದ ಕೂಡಲೇ ಇದನ್ನು ಹಾಕಿ.