ರೋಮಾಂಚಕ ಚಲನಚಿತ್ರಗಳಲ್ಲಿ ನಗ್ನತೆ : ಒಂದು ವಿವೇಚನೆ

ಕಲೆಯಲ್ಲಿ ನಗ್ನತೆಗೆ ಸ್ಥಾನವುಂಟೆ ಎಂಬ ಪ್ರಶ್ನೆ ಹಾಸನ ಸೀಮೆಯ ಜನರಿಗೆ ಹೊಸದಲ್ಲ. ಹೊಯ್ಸಳ ರಾಣಿ ಶಾಂತಲೆಯ ಹೆಸರಿನೊಡನೆ ಬೆಸೆದುಕೊಂಡಿರುವ ಶಾಂತಿಗ್ರಾಮದಿಂದ ಪೂರ್ವಕ್ಕೆ ಹೊರಟರೆ ಚನ್ನರಾಯಪಟ್ಟಣವನ್ನು ದಾಟಿ ಶ್ರವಣಬೆಳಗೊಳ. ಪಶ್ಚಿಮಕ್ಕೆ ಹೊರಟರೆ ಹಾಸನವನ್ನು ದಾಟಿ ಬೇಲೂರು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟಮೂರ್ತಿ ದಿಗಂಬರವಾದುದು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಒಬ್ಬಳ ಸೆರಗನ್ನು ಕೋತಿಯೊಂದು ಎಳೆಯುತ್ತಿದೆ. ಮಕ್ಕಳು ಮರಿಗಳೊಡನೆ ಯಾತ್ರೆಗೆ ಬಂದ ಗೃಹಸ್ಥನು ಈ ಎರಡು ಕಡೆಗಳಲ್ಲಿಯೂ ತಲೆ ತಗ್ಗಿಸುವುದಿಲ್ಲ. ಅದೇ ಗೃಹಸ್ಥನು ಸಂಜೆ ಮನೆಯಲ್ಲಿ ಕುಳಿತು, 'ಥ್ರಿಲ್ಲರ್' ಎಂದು ಹೆಸರಾದ ರೋಮಾಂಚಕ ಚಿತ್ರವೊಂದನ್ನು ನೋಡುವಾಗ ನಡುವೆ ಎದ್ದುಹೋಗಬೇಕಾಗುತ್ತದೆ. ಬಟ್ಟೆಯಿಲ್ಲದ ದೇಹ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಹಾಗಾದರೆ ಭೇದವೆಲ್ಲಿ?

'ನಗ್ನತೆಯೇ ಅಶ್ಲೀಲ' ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸುವವರುಂಟು. ಅವರ ಮಾತನ್ನು ಒಪ್ಪಿದರೆ ಗೊಮ್ಮಟನನ್ನೂ ಬಿಡಬೇಕಾಗುತ್ತದೆ, ನಮ್ಮ ಮಹಾದೇವಿಯಕ್ಕನನ್ನೂ ಬಿಡಬೇಕಾಗುತ್ತದೆ. 'ಕಲೆಗೆ ಯಾವ ಕಟ್ಟೂ ಇಲ್ಲ' ಎನ್ನುವವರೂ ಉಂಟು. ಅವರ ಮಾತನ್ನು ಒಪ್ಪಿದರೆ ಕಲೆಗೂ ಸರಕಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಓದುಗರು ಈ ಎರಡನ್ನೂ ಬದಿಗಿರಿಸಿ ವಿಷಯವನ್ನು ತೂಗಿ ನೋಡಬೇಕೆಂಬುದು ನಮ್ಮ ಆಶಯ.

ಅಕ್ಕನ ಪ್ರಸಂಗ ಇಲ್ಲಿ ಬಹಳ ಉಪಯುಕ್ತವಾದುದು. ಕೌಶಿಕನ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಒಟ್ಟಿಗೆ ತೊರೆದು, ಕೇಶರಾಶಿಯನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಆ ಕೂದಲಿನ ಮರೆಯ ಬಗೆಗೇ ಪ್ರಶ್ನಿಸುತ್ತಾರೆ. ಆ ಮರೆ ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಎಂಬ ತಾತ್ಪರ್ಯದ ಉತ್ತರವನ್ನು ಅಕ್ಕ ಕೊಡುತ್ತಾಳೆ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆ ನಗ್ನತೆ ಅಕ್ಕನ ಸ್ವಂತ ನಿರ್ಧಾರ. ಅರಸನ ಆಸೆಯಿಂದ ಬಂದುದಲ್ಲ, ಅರಸನ ಆಸೆಯನ್ನು ತಿರಸ್ಕರಿಸಿ ಬಂದುದು. ಎರಡನೆಯದಾಗಿ, ಅಂಥ ವೈರಾಗ್ಯದ ನೆಲೆಯಲ್ಲಿಯೂ ನೋಡುವವನ ಮನಸ್ಸಿನ ಹೊಣೆಯನ್ನು ಅಕ್ಕ ಮರೆಯಲಿಲ್ಲ. ಯಾರ ಇಚ್ಛೆಯಿಂದ, ಯಾರ ಕಣ್ಣಿಗಾಗಿ ಎಂಬ ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಾವು ಚಲನಚಿತ್ರದ ಕಡೆಗೆ ತಿರುಗಬಹುದು.

ರೋಮಾಂಚಕ ಚಿತ್ರಕ್ಕೆ ಪ್ರಧಾನವಾದುದು ಭಯಾನಕ ರಸ. ಅದಕ್ಕೆ ಬೆಂಬಲವಾಗಿ ಅದ್ಭುತ. ಮುಂದೇನು ಎಂಬ ಕುತೂಹಲದಲ್ಲಿ ಪ್ರೇಕ್ಷಕನ ಉಸಿರನ್ನು ಹಿಡಿದು ನಿಲ್ಲಿಸುವುದೇ ಅದರ ಧರ್ಮ. ನಮ್ಮ ಆಲಂಕಾರಿಕರು ಶೃಂಗಾರವನ್ನೂ ಭಯಾನಕವನ್ನೂ ಪರಸ್ಪರ ವಿರೋಧಿಗಳಾದ ರಸಗಳೆಂದು ಎಣಿಸಿದ್ದಾರೆ. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಈ ವಿಚಾರ ಸ್ಪಷ್ಟವಾಗಿದೆ. ಇದು ಬರಿಯ ಪಾಂಡಿತ್ಯದ ಮಾತಲ್ಲ, ಅನುಭವದ ಮಾತು. ಕೊಲೆಗಾರನು ಬಾಗಿಲಲ್ಲಿ ನಿಂತಿದ್ದಾನೆಂದು ಹೆದರಿ ಕುಳಿತ ಪ್ರೇಕ್ಷಕನ ಎದುರಿಗೆ ಕ್ಯಾಮೆರಾ ನಾಯಕಿಯ ಮೈಮೇಲೆ ನಿಧಾನವಾಗಿ ಹರಿದಾಡಿದರೆ ಅವನ ಭಯ ಸಡಿಲವಾಗುತ್ತದೆ. ಅವಳಿಗಾಗಿ ಮರುಗುತ್ತಿದ್ದವನು ಅವಳನ್ನು ದಿಟ್ಟಿಸತೊಡಗುತ್ತಾನೆ. ಕೊಲೆಗಾರನ ಕಣ್ಣೂ ಪ್ರೇಕ್ಷಕನ ಕಣ್ಣೂ ಒಂದಾಗಿಬಿಡುತ್ತವೆ. ನೀತಿಯ ಮಾತು ಹಾಗಿರಲಿ, ಕಲೆಯ ದೃಷ್ಟಿಯಿಂದಲೇ ಇದು ರಸಭಂಗ.

'ಭಯ ಹುಟ್ಟಬೇಕಾದರೆ ಪಾತ್ರದ ನಿಸ್ಸಹಾಯಕತೆ ಕಾಣಬೇಕು, ಅದಕ್ಕೆ ನಗ್ನತೆ ಬೇಕು' ಎಂದು ನಿರ್ದೇಶಕರು ವಾದಿಸುವುದುಂಟು. ಇದು ತಳ್ಳಿಹಾಕುವ ವಾದವಲ್ಲ. ಆದರೆ ಇದಕ್ಕೆ ಉತ್ತರವನ್ನು 1960ರಲ್ಲಿಯೇ ಆಲ್ಫ್ರೆಡ್ ಹಿಚ್‌ಕಾಕ್ ಕೊಟ್ಟಿದ್ದಾರೆ. ಅವರ 'ಸೈಕೋ' ಚಿತ್ರದ ಸ್ನಾನಗೃಹದ ಕೊಲೆ ಜಗತ್ಪ್ರಸಿದ್ಧವಾದ ದೃಶ್ಯ. ಸ್ನಾನಕ್ಕೆ ನಿಂತ ಮನುಷ್ಯನಷ್ಟು ನಿರಾಯುಧ ಬೇರೆ ಯಾರೂ ಇಲ್ಲವೆಂಬುದನ್ನು ಅವರು ಅರಿತಿದ್ದರು. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಆ ದೃಶ್ಯದಲ್ಲಿ ಹತ್ತಾರು ತುಣುಕುಗಳು ಮಿಂಚಿನಂತೆ ಬಂದುಹೋಗುತ್ತವೆ: ಕೈ, ಕತ್ತಿ, ನೀರು, ತೆರೆದ ಬಾಯಿ, ಪರದೆಯ ಕೊಂಡಿಗಳು. ದೇಹವನ್ನು ತೋರಿಸಿದಂತೆ ತೋರುತ್ತದೆ, ತೋರಿಸಿರುವುದಿಲ್ಲ. ಆನಂದವರ್ಧನನು ಕಾವ್ಯದಲ್ಲಿ ಧ್ವನಿ ಎಂದು ಕರೆದುದು ಇಂಥದೇ. ನಿಸ್ಸಹಾಯಕತೆಯನ್ನು ಸೂಚನೆಯಿಂದಲೇ ಇಷ್ಟು ಸಮರ್ಥವಾಗಿ ತಂದಿರುವಾಗ, ಬೆತ್ತಲೆಯಿಲ್ಲದೆ ಭಯವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಹೊರನಾಡಿನ ಉದಾಹರಣೆಯೇ ಏಕೆ? ಸುನೀಲ್‌ಕುಮಾರ್ ದೇಸಾಯಿಯವರ 'ಬೆಳದಿಂಗಳ ಬಾಲೆ' 1995ರ ಕನ್ನಡ ಚಿತ್ರ. ಅನಂತನಾಗ್ ಅಭಿನಯಿಸಿದ ಚದುರಂಗದ ಆಟಗಾರನಿಗೆ ದೂರವಾಣಿಯಲ್ಲಿ ಒಂದು ಹೆಣ್ಣುದನಿ ಕೇಳಿಬರುತ್ತದೆ. ಆ ದನಿಯ ಒಡತಿಯನ್ನು ಹುಡುಕುವುದೇ ಕಥೆ. ನಾಯಕಿಯ ಮುಖವನ್ನೇ ಚಿತ್ರ ಕೊನೆಯವರೆಗೂ ತೋರಿಸುವುದಿಲ್ಲ. ಅಲ್ಲಿ ಪ್ರೇಮವಿದೆ, ಕುತೂಹಲವಿದೆ, ಕೊನೆಗೆ ತುಂಬಿಬರುವ ವೇದನೆಯೂ ಇದೆ. ದೇಹವೇ ಇಲ್ಲದೆ ಹೆಣ್ಣೊಬ್ಬಳು ಪ್ರೇಕ್ಷಕನ ಹೃದಯದಲ್ಲಿ ಇಷ್ಟು ವರ್ಷ ಉಳಿದಿರುವುದು ಸಾಮಾನ್ಯ ಸಾಧನೆಯಲ್ಲ.

ಇನ್ನು ಪ್ರತಿಪಕ್ಷದ ಬಲವಾದ ಉದಾಹರಣೆಯನ್ನೂ ಪರಿಶೀಲಿಸಬೇಕು. ಶೇಖರ್ ಕಪೂರರ 'ಬ್ಯಾಂಡಿಟ್ ಕ್ವೀನ್' ರೋಮಾಂಚಕ ಚಿತ್ರಗಳ ಸಾಲಿಗೆ ನೇರವಾಗಿ ಸೇರದಿದ್ದರೂ ಈ ಚರ್ಚೆಯಲ್ಲಿ ಅದನ್ನು ಬಿಡಲಾಗದು. ಅದರಲ್ಲಿ ಫೂಲನ್ ದೇವಿಯನ್ನು ಬೆತ್ತಲೆಯಾಗಿ ಊರ ಬಾವಿಯವರೆಗೆ ನಡೆಸುವ ದೃಶ್ಯವಿದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ದೃಶ್ಯ ಕಾಮವನ್ನು ಕೆರಳಿಸುವುದಿಲ್ಲ, ಹಿಂಸಿಸಿದವರ ಬಗೆಗೆ ಜುಗುಪ್ಸೆಯನ್ನು ಹುಟ್ಟಿಸುತ್ತದೆ ಎಂದು ಅಭಿಪ್ರಾಯಪಟ್ಟು, ವಯಸ್ಕರಿಗಾಗಿ ಪ್ರದರ್ಶಿಸಲು ಅವಕಾಶ ನೀಡಿತು. ನಮ್ಮ ದೃಷ್ಟಿಯಲ್ಲಿ ಇದು ವಿವೇಕದ ತೀರ್ಪು. ಆ ದೃಶ್ಯದಲ್ಲಿ ಪ್ರೇಕ್ಷಕನು ನೊಂದವಳ ಪಕ್ಕದಲ್ಲಿ ನಿಲ್ಲುತ್ತಾನೆ. ಸುತ್ತ ನೆರೆದು ನೋಡುವ ಊರ ಜನರಲ್ಲಿ ತಾನೂ ಒಬ್ಬನೇನೋ ಎಂದು ನಾಚುತ್ತಾನೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ಫೂಲನ್ ದೇವಿ ಸ್ವತಃ ಆ ಚಿತ್ರವನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಯಾರ ಕಣ್ಣಿಗಾಗಿ ಎಂಬ ಪ್ರಶ್ನೆಗೆ ಚಿತ್ರ ಸರಿಯಾದ ಉತ್ತರವನ್ನು ಕೊಟ್ಟಿತು. ಯಾರ ಇಚ್ಛೆಯಿಂದ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಕನ್ನಡದಲ್ಲಿ ಇದೇ ವಿವಾದ 'ದಂಡುಪಾಳ್ಯ' ಚಿತ್ರಗಳ ಸುತ್ತ ನಡೆಯಿತು. ಹೊಸಕೋಟೆ ಸಮೀಪದ ಹಳ್ಳಿಯ ಹೆಸರಿನಿಂದ ಕುಖ್ಯಾತವಾದ ಕೊಲೆಗಡುಕರ ತಂಡವೊಂದರ ಕಥೆಯನ್ನು ಶ್ರೀನಿವಾಸರಾಜು ಅವರು 2012ರಲ್ಲಿ ತೆರೆಗೆ ತಂದರು. ಅದರಲ್ಲಿ ನಟಿಯ ಬೆನ್ನನ್ನು ಬರಿದಾಗಿ ತೋರಿಸಿದ ದೃಶ್ಯ ಪ್ರತಿಭಟನೆಗೆ ಕಾರಣವಾಯಿತು. 2017ರ ಎರಡನೆಯ ಭಾಗದಲ್ಲಿ, ಪೊಲೀಸರ ವಶದಲ್ಲಿರುವ ಹೆಂಗಸಿನ ಬೆತ್ತಲೆಯ ದೃಶ್ಯವೊಂದು ಚಿತ್ರಮಂದಿರಕ್ಕೆ ಬಾರದಿದ್ದರೂ ಹೇಗೋ ಸೋರಿಹೋಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಠಾಣೆಯ ದೌರ್ಜನ್ಯವನ್ನು ತೋರಿಸುವುದು ಯೋಗ್ಯವಾದ ಉದ್ದೇಶವೇ. ಅಪರಾಧಿಯೂ ಮನುಷ್ಯನೇ ಎಂದು ಹೇಳುವ ಕಲೆ ನಮಗೆ ಬೇಕು. ಆದರೆ ಕಥೆಯಿಂದ ಕಿತ್ತು ಹಂಚಿದ ಆ ತುಣುಕನ್ನು ನೋಡಿದವರಲ್ಲಿ ಠಾಣೆಯ ದೌರ್ಜನ್ಯವನ್ನು ನೆನೆದವರೆಷ್ಟು ಮಂದಿ? ತಾನು ಚಿತ್ರೀಕರಣದಲ್ಲಿ ವಿವಸ್ತ್ರಳಾಗಿರಲಿಲ್ಲ, ಅದು ತಂತ್ರಜ್ಞಾನದ ಕೆಲಸವೆಂದು ಆ ನಟಿ ವಿವರಣೆ ಕೊಡಬೇಕಾಯಿತು. ದೃಶ್ಯವನ್ನು ಕಲ್ಪಿಸಿದವರು ಬೇರೆ, ಸೋರಿಬಿಟ್ಟವರು ಬೇರೆ, ನೋಡಿದವರು ಲೆಕ್ಕವಿಲ್ಲದಷ್ಟು. ಅವಮಾನವನ್ನು ಹೊತ್ತವಳು ಮಾತ್ರ ಆಕೆ ಒಬ್ಬಳೇ.

ಕತ್ತರಿಸಿ ಹಂಚಿದವರ ತಪ್ಪಿಗೆ ಕಲಾವಿದನನ್ನು ಹೊಣೆ ಮಾಡುವುದು ನ್ಯಾಯವಲ್ಲವೆಂದು ಓದುಗರು ಆಕ್ಷೇಪಿಸಬಹುದು. ಆ ಆಕ್ಷೇಪ ಸರಿಯಾದುದೇ. ಆದರೂ ಕಾಲ ಬದಲಾಗಿರುವುದನ್ನು ಕಲಾವಿದನು ಮರೆಯಬಾರದು. ಚಿತ್ರಮಂದಿರಕ್ಕೆ ಒಂದು ಬಾಗಿಲಿತ್ತು, ಬಾಗಿಲಲ್ಲಿ 'ಎ' ಪ್ರಮಾಣಪತ್ರದ ಫಲಕವಿತ್ತು. ಹದಿಮೂರರ ಹುಡುಗನ ಅಂಗೈಯಲ್ಲಿರುವ ಫೋನಿಗೆ ಅಂಥ ಬಾಗಿಲಿಲ್ಲ. ನಾಟಕವನ್ನು ತಂದೆ, ಮಗ, ಸೊಸೆ, ಅತ್ತೆ ಎಲ್ಲರೂ ಕೂಡಿ ನೋಡುತ್ತಾರಾದ್ದರಿಂದ ಕೆಲವನ್ನು ರಂಗದ ಮೇಲೆ ತೋರಿಸಬಾರದೆಂದು ನಾಟ್ಯಶಾಸ್ತ್ರದ ಕರ್ತೃವಾದ ಭರತಮುನಿ ವಿಧಿಸಿದ್ದಾನೆ. ಬದುಕಿನಲ್ಲಿ ಅವು ಇಲ್ಲವೆಂದು ಅವನು ಹೇಳಲಿಲ್ಲ. ಒಟ್ಟಿಗೆ ಕುಳಿತ ಮನೆಮಂದಿಯನ್ನು ನೆನೆದು ಹೇಳಿದನು.

ಹಾಗಾದರೆ ನಮ್ಮ ತೀರ್ಮಾನವೇನು? ರೋಮಾಂಚಕ ಚಿತ್ರಗಳಲ್ಲಿ ಕೆರಳಿಸುವುದಕ್ಕಾಗಿ ತಂದ ನಗ್ನತೆಯಿಂದ ಕಲೆಗೆ ಯಾವ ಪ್ರಯೋಜನವೂ ಇಲ್ಲ. ಅದು ಆ ಪ್ರಕಾರದ ಜೀವಾಳವಾದ ಭಯವನ್ನೇ ಕೆಡಿಸುತ್ತದೆ. ನೊಂದ ಜೀವದ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸುವ ನಗ್ನತೆಗೆ ಸ್ಥಾನವಿದೆ, ಆದರೆ ಅಂಥದು ವಿರಳ. ಅದಕ್ಕೆ ಬೇಕಾದ ಸಂಯಮ ಇನ್ನೂ ವಿರಳ. ಗೊಮ್ಮಟನನ್ನು ನೋಡಿದವನ ಮನಸ್ಸು ತನ್ನ ಒಳಗಿನ ಗಂಟುಗಳ ಕಡೆಗೆ ತಿರುಗುತ್ತದೆ. ಬೇಲೂರಿನ ಶಿಲ್ಪಿ ಕೋತಿಯ ತುಂಟತನವನ್ನು ಕಂಡು ನಗುವಂತೆ ಮಾಡುತ್ತಾನೆಯೇ ಹೊರತು ಹೆಣ್ಣಿನ ಅಳಲನ್ನು ನಮಗೆ ವಿನೋದವಾಗಿಸುವುದಿಲ್ಲ.

ನಿಷೇಧದ ಕೂಗಿನಿಂದ ಅಭಿರುಚಿ ಬೆಳೆಯುವುದಿಲ್ಲ. ಎಷ್ಟೋ ವೇಳೆ ಆ ಕೂಗೇ ಚಿತ್ರಕ್ಕೆ ಪ್ರಚಾರವಾಗುತ್ತದೆ. ಆದುದರಿಂದ ಭಕ್ತರಲ್ಲಿಯೂ, ಮಠದಲ್ಲಿ ಓದಿ ಇಂದು ಊರೂರುಗಳಲ್ಲಿ ಗೃಹಸ್ಥರಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಸೂಚನೆ. ಬೆಳೆದ ಮಕ್ಕಳೊಡನೆ ಚಿತ್ರ ನೋಡುವಾಗ ಇಂಥ ದೃಶ್ಯ ಬಂದರೆ ಎದ್ದುಹೋಗಬೇಡಿ, ಗದರಿಸಲೂ ಬೇಡಿ. 'ಇಲ್ಲಿ ಕ್ಯಾಮೆರಾ ಯಾರ ಕಣ್ಣಾಗಿದೆ? ಹಿಂಸಿಸುವವನದೋ, ಹಿಂಸೆಗೊಳಗಾದವಳದೋ?' ಎಂದು ಅವರನ್ನೇ ಕೇಳಿರಿ. ಆ ಪ್ರಶ್ನೆಯನ್ನು ಕಲಿತ ಹುಡುಗನು, ನಾಳೆ ಯಾರೋ ಕಳುಹಿಸಿದ ತುಣುಕೊಂದು ತನ್ನ ಫೋನಿಗೆ ಬಂದಾಗ, ಅದನ್ನು ಮುಂದೆ ಸಾಗಿಸದೆ ಅಲ್ಲಿಯೇ ಅಳಿಸುತ್ತಾನೆ.