ಅಹವಾಲು ಕೇಳದ ದೆವ್ವ

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಚಿತ್ರಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಮಲಯಾಳ, ತಮಿಳು, ತೆಲುಗು, ಹಿಂದಿಗೆ ಹೋಯಿತು, ಫಿಲಿಪ್ಪೀನ್ಸ್‌ನಲ್ಲೂ ಮರುಹುಟ್ಟು ಪಡೆಯಿತು, ಶ್ರದ್ಧಾ ಶ್ರೀನಾಥ್ ಎಂಬ ಒಳ್ಳೆಯ ನಟಿಯನ್ನು ಕೊಟ್ಟಿತು ಎಂಬುದೆಲ್ಲ ನಿಜ. ಹಾಡು ಕುಣಿತಗಳ ಹಂಗಿಲ್ಲದೆ ಎರಡು ಗಂಟೆ ಉಸಿರು ಬಿಗಿಹಿಡಿಸಬಲ್ಲದು ಎಂಬುದನ್ನೂ ಒಪ್ಪುತ್ತೇನೆ. ನನ್ನ ತಕರಾರು ಅದರ ಕಸುಬಿನ ಮೇಲಲ್ಲ, ಅದು ನಮ್ಮಿಂದ ಒಪ್ಪಿಗೆ ಬರೆಸಿಕೊಳ್ಳುವ ನ್ಯಾಯದ ಮೇಲೆ.

ಕಥೆ ಗೊತ್ತಿರುವುದೇ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕಿನವರು ಡಿವೈಡರ್‌ನ ಸಿಮೆಂಟ್ ಕಲ್ಲನ್ನು ಸರಿಸಿ ತಿರುಗಿಕೊಳ್ಳುತ್ತಾರೆ, ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಅವರ ಗಾಡಿ ನಂಬರುಗಳನ್ನು ಬರೆಸಿಕೊಂಡು ಸುದ್ದಿ ಮಾಡಹೊರಟ ತರುಣಿ ಪತ್ರಕರ್ತೆ ರಚನಾಗೆ, ಆ ನಂಬರಿನವರೆಲ್ಲ ಅದೇ ದಿನ ಸತ್ತಿದ್ದಾರೆಂದು ತಿಳಿಯುತ್ತದೆ. ಹೀಗೆ ಯಾರೋ ಬಿಟ್ಟುಹೋದ ಕಲ್ಲಿನಿಂದ ಮಗಳೊಂದಿಗೆ ಪ್ರಾಣ ಕಳೆದುಕೊಂಡ ಮಾಯಾ ಈಗ ದೆವ್ವವಾಗಿ, ಅಲ್ಲಿ ತಿರುಗುವವರನ್ನೆಲ್ಲ ಮುಗಿಸುತ್ತಿದ್ದಾಳೆ.

ಚಿತ್ರದ ಜೀವ ಇರುವುದು ಲಾಕಪ್ಪಿನ ದೃಶ್ಯದಲ್ಲಿ. ಆ ದಿನ ತಿರುಗಿಕೊಂಡ ಇಬ್ಬರು ಹುಡುಗರನ್ನು ಸಬ್‌ ಇನ್‌ಸ್ಪೆಕ್ಟರ್ ನಾಯಕ್ (ರೋಜರ್ ನಾರಾಯಣ್) ಕಾಪಾಡಲೆಂದೇ ಠಾಣೆಯ ಸೆಲ್‌ಗೆ ಹಾಕುತ್ತಾನೆ. ಬೀಗ, ಸರಳು, ಸುತ್ತ ಪೊಲೀಸರು. ಹುಡುಗರು ಒಳಗೇ ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡಿಕೊಂಡು ಸಾಯುತ್ತಾರೆ. ಈ ಒಂದು ಸನ್ನಿವೇಶದಲ್ಲಿ ನಿರ್ದೇಶಕರು ಮಾಡಿರುವ ಕೆಲಸ ಅಸಾಮಾನ್ಯವಾದದ್ದು. ಪೊಲೀಸ್ ಸೆಲ್ ನಮ್ಮ ಸಿನಿಮಾಗಳಲ್ಲಿ ಏಟು ತಿನ್ನುವ ಜಾಗ. ಇಲ್ಲಿ ಅದೇ ಆಶ್ರಯದ ಜಾಗ, ಅಲ್ಲಿಗೂ ಕಾನೂನಿನ ಹೊರಗಿನ ಶಿಕ್ಷೆ ನುಗ್ಗುತ್ತದೆ. ಸರಳಿನ ಹೊರಗೆ ನಿಂತ ಪೊಲೀಸರ ಕೈಯಲ್ಲಿ ಏನೂ ಆಗುವುದಿಲ್ಲ. ನೋಡುವ ನಾವೂ ಹೊರಗೇ ನಿಂತಿದ್ದೇವೆ. ಹುಡುಗರು ಮಾಡಿದ ತಪ್ಪಿಗೂ ಅವರ ಸಾವಿಗೂ ನಡುವಿನ ಅಂತರ ಆ ಕ್ಷಣ ಎದೆಗೆ ಬಡಿಯುತ್ತದೆ. ದಂಡ ಕಟ್ಟಿಸಿ, ಲೈಸೆನ್ಸ್ ಕಿತ್ತುಕೊಂಡು ಬಿಡಬಹುದಾದ ತಪ್ಪು. ಮಾಯಾಳ ಮಗುವನ್ನು ಕೊಂದ ಕಲ್ಲನ್ನು ಸರಿಸಿದವರು ಅವರಲ್ಲ. ಚಿತ್ರ ಇಲ್ಲಿಂದ ಮುಂದೆ ಹೋಗಬೇಕಾದ ದಾರಿ ಒಂದೇ ಇತ್ತು: ಸೇಡು ತೀರಿಸಿಕೊಳ್ಳುತ್ತಿರುವ ತಾಯಿ ಎಲ್ಲಿ ಕೊಲೆಗಾರ್ತಿಯಾದಳು ಎಂದು ಕೇಳುವುದು.

ಪವನ್ ಕೇಳುವುದಿಲ್ಲ. ಕಥೆಯನ್ನು ಪತ್ತೇದಾರಿಯ ಹಳಿಗೆ ತರುತ್ತಾರೆ. ರಚನಾ ತಾನೇ ಆ ತಿರುವು ತೆಗೆದುಕೊಂಡು ಮಾಯಾಳನ್ನು ಎದುರಿಸುತ್ತಾಳೆ, ನಿಜವಾದ ಅಪರಾಧಿಯನ್ನು ಹುಡುಕಿಕೊಡುವ ಮಾತಾಡುತ್ತಾಳೆ. ಕಲ್ಲು ಸರಿಸಿದವನು ಮಾಯಾಳ ಗಂಡನೇ ಎಂದು ಬಯಲಾಗುತ್ತದೆ. ಮಾಯಾ ಅವನನ್ನು ಕೊಲ್ಲದೆ ಬಿಡುತ್ತಾಳೆ. ಪಾಪಪ್ರಜ್ಞೆಯಲ್ಲಿ ಬದುಕುವುದೇ ಅವನ ಶಿಕ್ಷೆ. ಈ ತಿರುವನ್ನು ಎಲ್ಲರೂ ಹೊಗಳಿದರು. ನನಗೆ ಇದು ಚಿತ್ರದ ಅತಿದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಅಹವಾಲು ಹೇಳಿಕೊಳ್ಳುವ ಅವಕಾಶ ನಾಯಕಿಗೆ ಸಿಕ್ಕಿತು, ಜೀವ ಗಂಡನಿಗೆ ಸಿಕ್ಕಿತು. ಆ ಇಬ್ಬರು ಹುಡುಗರಿಗೆ ಎರಡೂ ಸಿಗಲಿಲ್ಲ. ಪಾಪಪ್ರಜ್ಞೆಯೇ ಸಾಕಷ್ಟು ಶಿಕ್ಷೆ ಎನ್ನುವುದಾದರೆ ಅದು ಅವರಿಗೇಕೆ ಸಾಕಾಗಲಿಲ್ಲ? ಕೊನೆಯಲ್ಲಿ ಕಥೆ ಸತ್ತವರ ಮನೆಗಳ ಕಡೆ ತಿರುಗಿಯೂ ನೋಡುವುದಿಲ್ಲ.

ವಿಮರ್ಶಕರು ಇದನ್ನು ಗಮನಿಸದಿರಲು ಕಾರಣ ಅವರು ಬೇರೆ ಎರಡು ಚರ್ಚೆಗಳಲ್ಲಿ ಮುಳುಗಿದ್ದು. ಒಂದು ಗುಂಪು ಚಿತ್ರದ ‘ಸಾಮಾಜಿಕ ಸಂದೇಶ’ವನ್ನು ಕೊಂಡಾಡಿತು, ಸಂಚಾರ ನಿಯಮದ ಪಾಠವನ್ನು ಇಷ್ಟು ರೋಚಕವಾಗಿ ಹೇಳಿದವರಿಲ್ಲ ಎಂದಿತು. ನಿಯಮ ಮುರಿದವನನ್ನು ಕೊಲ್ಲುವ ಕಥೆಯಲ್ಲಿ ನಿಯಮಪಾಲನೆಯ ಪಾಠ ಹುಡುಕುವುದು ಹೆದರಿಕೆಯನ್ನು ನಾಗರಿಕ ಪ್ರಜ್ಞೆ ಎಂದು ತಿಳಿಯುವುದಾಯಿತು. ಇನ್ನೊಂದು ಗುಂಪು, ಅಷ್ಟು ವಾಸ್ತವವಾಗಿ ಸಾಗುತ್ತಿದ್ದ ಚಿತ್ರಕ್ಕೆ ದೆವ್ವವೇಕೆ ಬಂತು ಎಂದು ಮುಖ ಸಿಂಡರಿಸಿತು. ಇವರ ಮೇಲೆ ನನಗೆ ಹೆಚ್ಚು ಬೇಸರವಿದೆ, ಏಕೆಂದರೆ ಇವರಿಗೆ ನಮ್ಮ ದೈವಗಳ ಪರಿಚಯ ಇರಬೇಕಾಗಿತ್ತು. ಕನ್ನಡ ನಾಡಿನಲ್ಲಿ ಅಲೌಕಿಕ ಶಕ್ತಿ ನ್ಯಾಯ ಹೇಳುವುದು ಹೊಸದಲ್ಲ. ಕರಾವಳಿಯ ದೈವ ನುಡಿ ಕೊಡುವಾಗ ಎರಡೂ ಕಡೆಯವರನ್ನು ಮುಂದೆ ನಿಲ್ಲಿಸಿಕೊಂಡು ಕೇಳುತ್ತದೆ. ನಮ್ಮ ಹಳೇ ಮೈಸೂರಿನ ಊರುಗಳಲ್ಲೂ ಮಾರಮ್ಮನ ಮುನಿಸಿಗೆ ತಪ್ಪುಕಾಣಿಕೆಯ ದಾರಿ ಇದೆ. ತಪ್ಪೊಪ್ಪಿಕೊಂಡವನಿಗೆ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ದೆವ್ವ ಬಂದದ್ದು ದೋಷವಲ್ಲ. ಆ ದೆವ್ವಕ್ಕೆ ನಮ್ಮ ಹಳ್ಳಿಯ ದೇವತೆಗಿರುವ ವಿವೇಕವನ್ನೂ ಕೊಡದೆ ಅದರ ಕೈಗೆ ದಂಡ ಕೊಟ್ಟದ್ದು ದೋಷ.

ಕಾನೂನಿನ ಹೊರಗಿನ ಶಿಕ್ಷೆಯನ್ನೇ ತೋರಿಸುವ ಇನ್ನೊಂದು ಚಿತ್ರವಾಗಿ ಹೋಲಿಕೆಗೆ ‘ಅಂತ’ (1981) ಇದೆ. ನಮ್ಮ ಮೈಸೂರಿನ ರಾಜೇಂದ್ರ ಸಿಂಗ್ ಬಾಬು ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ ತೆಗೆದದ್ದು. ಅದರ ಹಿಂಸೆ ಒರಟು, ಅನೇಕ ಕಡೆ ಸಹಿಸಲಾಗದ್ದು. ಆದರೂ ಅಂಬರೀಶ್ ಅವರ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಕಾನೂನನ್ನು ಕೈಗೆತ್ತಿಕೊಳ್ಳುವಾಗ ಅವನ ಎದುರಿಗಿರುವವರು ಯಾರು, ಅವರು ಮಾಡಿದ್ದೇನು ಎಂಬುದು ನಮಗೆ ಗೊತ್ತಿರುತ್ತದೆ. ಒಪ್ಪಬಹುದು, ಬಿಡಬಹುದು, ಚಿತ್ರ ಲೆಕ್ಕವನ್ನು ಮುಚ್ಚಿಡುವುದಿಲ್ಲ.

ಮೈಸೂರಿನಲ್ಲಿ ಕುಳಿತು ಇದನ್ನು ಬರೆಯುವಾಗ 2021ರ ಆಗಸ್ಟ್ ನೆನಪಾಗದಿರುವುದಿಲ್ಲ. 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆರೋಪಿಗಳು ಯಾರೆಂದು ತಿಳಿಯುವ ಮೊದಲೇ, ಅತ್ಯಾಚಾರದ ಆರೋಪಿಗಳನ್ನು ಪೊಲೀಸರೇ ಎನ್‌ಕೌಂಟರ್‌ನಲ್ಲಿ ಕೊಂದ ‘ಹೈದರಾಬಾದ್ ಮಾದರಿ’ ಬೇಕೆಂಬ ಕೂಗೆದ್ದಿತು, ಮಾಜಿ ಮುಖ್ಯಮಂತ್ರಿಯೊಬ್ಬರೂ ಅದಕ್ಕೆ ದನಿಗೂಡಿಸಿದರು. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ 2019ರ ಡಿಸೆಂಬರ್ 6ರ ಆ ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪೂರ್ಕರ್ ಆಯೋಗ 2022ರಲ್ಲಿ ಏನು ಹೇಳಿತು? ಪೊಲೀಸರ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂದಿತು. ಅಲ್ಲೂ ಅವರು ಪೊಲೀಸರ ವಶದಲ್ಲೇ ಇದ್ದವರು. ‘ಯೂ ಟರ್ನ್’ನ ಲಾಕಪ್ ದೃಶ್ಯವನ್ನು ಈಗ ನೋಡಿದರೆ ಅದು ದೆವ್ವದ ಕಥೆಯಾಗಿ ಉಳಿಯುವುದಿಲ್ಲ.

ಅಂಥ ದೃಶ್ಯವನ್ನು ಕೈಯಲ್ಲಿ ಹಿಡಿದ ನಿರ್ದೇಶಕರು ಅದರ ಪ್ರಶ್ನೆಯನ್ನು ಗಂಡನ ಗುಟ್ಟಿನ ಹಿಂದೆ ಅಡಗಿಸಿಬಿಟ್ಟರು ಎಂಬುದೇ ನನ್ನ ದೂರು. ‘ಲೂಸಿಯಾ’ದಲ್ಲಿ (2013) ಕನಸು, ಎಚ್ಚರಗಳ ಗಂಟನ್ನು ಕೊನೆಯವರೆಗೂ ಬಿಗಿಯಾಗಿ ಹಿಡಿದಿದ್ದ ಪವನ್ ಅವರಿಗೆ ಆ ಶಕ್ತಿ ಇರಲಿಲ್ಲವೆನ್ನಲಾಗದು. ‘ಯೂ ಟರ್ನ್’ ಅದಕ್ಕಿಂತ ನಯವಾದ ಚಿತ್ರ. ಅದಕ್ಕಿಂತ ಬಹಳ ಸಣ್ಣದು.